ಬಾಗಿಲು ತಟ್ಟಿದ ಹುಡುಗರು: ಒಬ್ಬ ಮಾರ್ಮನ್ ಯುವ ಪ್ರಚಾರಕನ ಬದುಕು ಮತ್ತು ವಿಶ್ವಾಸ

(ಸಂಘದ ವಾರ್ಷಿಕ ಸಮಾವೇಶದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಯುವಜನರು ಮತ್ತು ಧಾರ್ಮಿಕ ಬದ್ಧತೆ ಎಂಬ ವಿಷಯದ ಬಗ್ಗೆ ನಾಲ್ಕು ಮಾತಾಡಬೇಕೆಂದು ಸಂಘಟಕರು ಕೇಳಿದಾಗ ನಾನು ಎರಡು ದಿನ ಯೋಚಿಸಿದೆ. ಈ ವಿಷಯದಲ್ಲಿ ಉಪದೇಶ ಕೇಳಿ ಕೇಳಿ ನಿಮಗೂ ಸಾಕಾಗಿರಬಹುದು, ಮಾಡಿ ಮಾಡಿ ನಮಗೂ ಸಾಕಾಗಿದೆ. ಆದುದರಿಂದ ಇವತ್ತು ಉಪದೇಶ ಬೇಡ. ನಿಮ್ಮದೇ ವಯಸ್ಸಿನ ಒಬ್ಬ ಹುಡುಗನ ವಿಚಾರ ಹೇಳುತ್ತೇನೆ. ಅವನು ನಮ್ಮ ಊರಿನವನಲ್ಲ, ನಮ್ಮ ಧರ್ಮದವನೂ ಅಲ್ಲ. ಅಮೆರಿಕದ ಐಡಹೋ ರಾಜ್ಯದ, ಆಲೂಗಡ್ಡೆ ಬೆಳೆಯುವ ಕುಟುಂಬದ ಒಬ್ಬ ಮಾರ್ಮನ್ ಹುಡುಗ. ಅವನ ಹೆಸರು ಹೇಳುವುದಿಲ್ಲ. ಹೇಳಲು ಅವನ ಅನುಮತಿ ನನ್ನಲ್ಲಿಲ್ಲ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡೇ ಶುರು ಮಾಡುತ್ತೇನೆ.

ಮುಚ್ಚಿದ ಬಾಗಿಲು

2003ರಲ್ಲಿ ನಾನು ಹೆಚ್ಚಿನ ಓದಿಗಾಗಿ ಇಂಗ್ಲೆಂಡಿನ ಪ್ರೆಸ್ಟನ್ ಎಂಬ ಊರಿನಲ್ಲಿದ್ದೆ. ಲ್ಯಾಂಕಾಶೈರ್ ಪ್ರಾಂತ್ಯದ ಈ ಊರು ಒಂದು ಕಾಲದಲ್ಲಿ ಹತ್ತಿ ಗಿರಣಿಗಳಿಗೆ ಹೆಸರಾಗಿತ್ತು. ಆ ಗಿರಣಿಗಳಲ್ಲಿ ದುಡಿಯಲೆಂದು ಗುಜರಾತಿನ ಭರೂಚ್, ಸೂರತ್ ಕಡೆಯಿಂದ ಬಂದ ಮುಸ್ಲಿಂ ಕುಟುಂಬಗಳು ಅಲ್ಲಿ ಬಹಳ ಇವೆ. ಗಿರಣಿಗಳು ಮುಚ್ಚಿದವು, ಜನ ಉಳಿದರು. ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆಯ ಸಾಲುಮನೆಗಳು. ಬೀದಿಯಿಂದ ಒಂದು ಹೆಜ್ಜೆ ಇಟ್ಟರೆ ನೇರ ಬಾಗಿಲು. ಅಂಥ ಒಂದು ಮನೆಯಲ್ಲಿ ನಾವು ನಾಲ್ವರು ಹುಡುಗರು ಬಾಡಿಗೆಗಿದ್ದೆವು.

ಆ ವರ್ಷ ರಮಝಾನ್ ಬಂದದ್ದು ನವೆಂಬರಿನಲ್ಲಿ. ಆ ತಿಂಗಳು ಅಲ್ಲಿ ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಹೊರಗೆ ಮಳೆ. ನಾನು ಖರ್ಜೂರದ ತಟ್ಟೆ ಮುಂದಿಟ್ಟುಕೊಂಡು ಗಡಿಯಾರ ನೋಡುತ್ತಾ ಕುಳಿತಿದ್ದೆ. ಆಗ ಬಾಗಿಲು ತಟ್ಟಿದ ಸದ್ದು. ತೆರೆದರೆ ಬಿಳಿ ಅಂಗಿ, ಟೈ, ಕಪ್ಪು ಕೋಟು, ಎದೆಯ ಮೇಲೆ ಕಪ್ಪು ನಾಮಫಲಕ. ತಲೆಯಿಂದ ನೀರು ಇಳಿಯುತ್ತಿರುವ ಇಬ್ಬರು ಹುಡುಗರು. “ನಾವು ಯೇಸುಕ್ರಿಸ್ತರ ಬಗ್ಗೆ ಒಂದು ಸಂದೇಶ...” ಎಂದು ಒಬ್ಬ ಶುರು ಮಾಡಿದ. ಮಾತು ಮುಗಿಯಲು ನಾನು ಬಿಡಲಿಲ್ಲ. ಏನೋ ಒರಟಾಗಿ ಹೇಳಿ ಬಾಗಿಲು ಧಡಾರನೆ ಹಾಕಿಬಿಟ್ಟೆ.

ಕಿಟಕಿಯಿಂದ ನೋಡಿದೆ. ಅವರು ಎದುರು ಮಾತಾಡಲಿಲ್ಲ, ಮುಖ ಗಂಟಿಕ್ಕಲಿಲ್ಲ. ಪಕ್ಕದ ಬಾಗಿಲಿಗೆ ಹೋದರು. ಅಲ್ಲೂ ಇಲ್ಲ ಅಂದರು. ಅದರ ಪಕ್ಕದ ಬಾಗಿಲಿಗೆ ಹೋದರು. ಅಷ್ಟರಲ್ಲಿ ಉಪವಾಸ ತೊರೆಯುವ ಸಮಯವಾಯಿತು. ಖರ್ಜೂರ ಬಾಯಿಗಿಟ್ಟರೂ ಗಂಟಲಿನಲ್ಲಿ ಇಳಿಯಲಿಲ್ಲ. ಬೆಳಗಿನಿಂದ ಹಸಿವು ಬಾಯಾರಿಕೆ ತಡೆದವನಿಗೆ ಕೊನೆಯ ಎರಡು ನಿಮಿಷ ನಾಲಿಗೆಯನ್ನು ತಡೆಯಲಾಗಲಿಲ್ಲ. ಆ ದಿನದ ಉಪವಾಸದಲ್ಲಿ ನನಗೆ ಉಳಿದದ್ದೇನು ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ.

ಬಟ್ಟೆ ಒಗೆಯುವ ಅಂಗಡಿಯ ಪಾಠ

ಮುಂದಿನ ಸೋಮವಾರ ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿಗೆ ಹೋದೆ. ನೋಡಿದರೆ ಅದೇ ಇಬ್ಬರು ತಮ್ಮ ಬಿಳಿ ಅಂಗಿಗಳ ರಾಶಿಯ ಮುಂದೆ ಕೂತಿದ್ದಾರೆ! ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಕ್ಷಮೆ ಕೇಳಿದೆ. ಐಡಹೋದ ಹುಡುಗ ನಕ್ಕುಬಿಟ್ಟ. “ನೀವು ಬರೇ ಬಾಗಿಲು ಹಾಕಿದಿರಿ. ಅದೇ ದಿನ ಬೇರೊಂದು ಬೀದಿಯಲ್ಲಿ ನಮ್ಮ ಮೇಲೆ ಮೊಟ್ಟೆ ಎಸೆದಿದ್ದರು” ಅಂದ. ಯಂತ್ರ ತಿರುಗಿ ನಿಲ್ಲುವವರೆಗೆ ಮುಕ್ಕಾಲು ಗಂಟೆ ಮಾತಾಡಿದೆವು. ಆಮೇಲೆ ಸೋಮವಾರಗಳಲ್ಲಿ ಅದೊಂದು ರೂಢಿಯೇ ಆಯಿತು. ಈಗ ಹೇಳುವುದರಲ್ಲಿ ಬಹುಪಾಲು ಅಲ್ಲಿ ಕೇಳಿ ತಿಳಿದದ್ದು, ಮತ್ತೆ ಆ ಕುತೂಹಲದಿಂದ ಓದಿ ತಿಳಿದದ್ದು.

ಅವರ ಸಭೆಯ ಪೂರ್ಣ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಮಾರ್ಮನ್ ಎಂಬುದು ಜನ ಕರೆದ ಹೆಸರು. 2018ರಲ್ಲಿ ಅವರ ಅಂದಿನ ಅಧ್ಯಕ್ಷ ರಸೆಲ್ ನೆಲ್ಸನ್ ಆ ಅಡ್ಡಹೆಸರು ಬಿಟ್ಟು ಪೂರ್ಣ ಹೆಸರನ್ನೇ ಬಳಸಿ ಎಂದು ಕೇಳಿಕೊಂಡರು. ನಿಮಗೆ ಗುರುತು ಸಿಗಲಿ ಎಂದಷ್ಟೇ ನಾನು ಹಳೆಯ ಹೆಸರು ಹೇಳುತ್ತಿದ್ದೇನೆ. ಈ ಸಭೆಯನ್ನು ಜೋಸೆಫ್ ಸ್ಮಿತ್ ಎಂಬವರು 1830ರ ಏಪ್ರಿಲ್ 6ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಥಾಪಿಸಿದರು. ಈಗ ಸದಸ್ಯರ ಸಂಖ್ಯೆ ಒಂದು ಕೋಟಿ ಎಪ್ಪತ್ತು ಲಕ್ಷ ದಾಟಿದೆ. 2024ರ ಕೊನೆಗೆ ಪೂರ್ಣಾವಧಿ ಪ್ರಚಾರಕರೇ 74 ಸಾವಿರದಷ್ಟಿದ್ದರು. ಅವರಲ್ಲಿ ಹೆಚ್ಚಿನವರು ನಿಮ್ಮ ವಯಸ್ಸಿನವರು.

ಈಗ ನೀವೇ ಒಮ್ಮೆ ಯೋಚಿಸಿ ನೋಡಿ. ನಿಮಗೆ ಹತ್ತೊಂಬತ್ತು ವರ್ಷ. ಕಾಲೇಜಿಗೆ ಸೇರಿ ಒಂದು ವರ್ಷವಾಗಿದೆ. ಗೆಳೆಯರಿದ್ದಾರೆ, ಬೈಕ್ ಇದೆ, ಮನೆಯಲ್ಲಿ ಅಮ್ಮನ ಕೈ ಊಟವಿದೆ. ನೀವು ಒಂದು ಅರ್ಜಿ ಹಾಕುತ್ತೀರಿ. ಕೆಲವು ವಾರಗಳ ನಂತರ ನಿಮ್ಮ ಸಭೆಯ ಅಧ್ಯಕ್ಷರ ಸಹಿಯುಳ್ಳ ಪತ್ರ ಬರುತ್ತದೆ. ಇಡೀ ಕುಟುಂಬ ಸುತ್ತ ಸೇರಿರುವಾಗ ಅದನ್ನು ಒಡೆಯುತ್ತೀರಿ. ಅದರಲ್ಲಿ ಒಂದು ಊರಿನ ಹೆಸರಿರುತ್ತದೆ. ಅದು ಬ್ರೆಜಿಲ್ ಇರಬಹುದು, ಜಪಾನ್ ಇರಬಹುದು, ಘಾನಾ ಇರಬಹುದು, ನಿಮ್ಮ ಪಕ್ಕದ ರಾಜ್ಯವೂ ಇರಬಹುದು. ಆಯ್ಕೆ ನಿಮ್ಮದಲ್ಲ. ಗಂಡುಮಕ್ಕಳಿಗೆ ಎರಡು ವರ್ಷ, ಹೆಣ್ಣುಮಕ್ಕಳಿಗೆ ಒಂದೂವರೆ ವರ್ಷ. ನಾನು ಹೇಳುತ್ತಿರುವ ಕಾಲದಲ್ಲಿ ಹುಡುಗರಿಗೆ 19 ತುಂಬಬೇಕಿತ್ತು, ಹುಡುಗಿಯರಿಗೆ 21. 2012ರ ಅಕ್ಟೋಬರಿನಲ್ಲಿ ಹುಡುಗರ ವಯಸ್ಸನ್ನು 18ಕ್ಕೆ, ಹುಡುಗಿಯರದ್ದನ್ನು 19ಕ್ಕೆ ಇಳಿಸಿದರು. ಆ ಮೇಲೆ ಹೆಣ್ಣುಮಕ್ಕಳು ಬಹಳ ದೊಡ್ಡ ಸಂಖ್ಯೆಯಲ್ಲಿ ಹೊರಟರು.

ಸಂಬಳ ಎಷ್ಟು ಎಂದು ನೀವು ಕೇಳಬಹುದು. ಸಂಬಳವಿಲ್ಲ. ಬದಲಿಗೆ ಖರ್ಚು ಅವರದೇ. ಆಗ ಅಮೆರಿಕದ ಹುಡುಗನೊಬ್ಬ ಅಥವಾ ಅವನ ಮನೆಯವರು ತಿಂಗಳಿಗೆ 400 ಡಾಲರ್ ಕೊಡಬೇಕಿತ್ತು; 2020ರ ಜುಲೈಯಿಂದ ಅದು 500 ಆಯಿತು. ಹೋಗುವ ದೇಶ ದುಬಾರಿಯಾಗಿರಲಿ ಅಗ್ಗವಾಗಿರಲಿ, ಮೊತ್ತ ಒಂದೇ. ಹೀಗಾಗಿ ಟೋಕಿಯೋಗೆ ಹೋಗುವವನ ತಂದೆಗೆ ಹೆಚ್ಚು ಹೊರೆಯಾಗುವುದಿಲ್ಲ. ಐಡಹೋದ ಈ ಹುಡುಗ ಹನ್ನೆರಡನೇ ವಯಸ್ಸಿನಿಂದ ಆಲೂಗಡ್ಡೆ ಕೊಯ್ಲಿನಲ್ಲಿ ದುಡಿದು ಹಣ ಕೂಡಿಟ್ಟಿದ್ದ. ಕಡಿಮೆ ಬಿದ್ದದ್ದನ್ನು ಅವನ ಅಜ್ಜಿ ತುಂಬಿಕೊಟ್ಟಿದ್ದರಂತೆ. ಈ ಅಜ್ಜಿಯನ್ನು ನೆನಪಿನಲ್ಲಿಡಿ, ಮತ್ತೆ ಬರುತ್ತಾರೆ.

ಆರೂವರೆಯಿಂದ ಹತ್ತೂವರೆ

ಅವನ ದಿನಚರಿ ಕೇಳಿ. ಬೆಳಿಗ್ಗೆ ಆರೂವರೆಗೆ ಏಳಬೇಕು. ಪ್ರಾರ್ಥನೆ, ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ. ಎಂಟಕ್ಕೆ ಒಬ್ಬನೇ ಕೂತು ಒಂದು ಗಂಟೆ ಧರ್ಮಗ್ರಂಥದ ಅಧ್ಯಯನ. ಒಂಬತ್ತಕ್ಕೆ ಜೊತೆಗಾರನೊಂದಿಗೆ ಮತ್ತೊಂದು ಗಂಟೆ. ಹತ್ತಕ್ಕೆ ಮನೆಯಿಂದ ಹೊರಗೆ. ಊಟದ ಹೊತ್ತು ಬಿಟ್ಟರೆ ರಾತ್ರಿಯವರೆಗೆ ಬೀದಿಯೇ ಕೆಲಸದ ಜಾಗ. ಬಾಗಿಲು ತಟ್ಟುವುದು, ಬಸ್ ನಿಲ್ದಾಣದಲ್ಲಿ ಮಾತಾಡಿಸುವುದು, ಆಸಕ್ತಿ ಇರುವವರ ಮನೆಗೆ ಹೋಗಿ ಪಾಠ ಹೇಳುವುದು, ಮುದುಕರ ತೋಟದ ಹುಲ್ಲು ಕತ್ತರಿಸಿಕೊಡುವುದು. ಒಂಬತ್ತು, ಹೆಚ್ಚೆಂದರೆ ಒಂಬತ್ತೂವರೆಗೆ ಮನೆಗೆ ಮರಳಿ ನಾಳೆಯ ಯೋಜನೆ ಬರೆಯಬೇಕು. ಹತ್ತೂವರೆಗೆ ದೀಪ ಆರಬೇಕು. ಈಚೆಗೆ, 2017ರಲ್ಲಿ, ಸ್ಥಳಕ್ಕೆ ತಕ್ಕಂತೆ ಈ ವೇಳಾಪಟ್ಟಿಯನ್ನು ಸ್ವಲ್ಪ ಸಡಿಲಿಸಿದ್ದಾರೆ. ಆದರೆ ಚೌಕಟ್ಟು ಅದೇ.

ವಾರಕ್ಕೊಂದು ದಿನ ಸಿದ್ಧತೆಯ ದಿನ. ಬಟ್ಟೆ ಒಗೆಯುವುದು, ಸಾಮಾನು ತರುವುದು, ಕ್ಷೌರ, ಮನೆಗೆ ಕಾಗದ ಎಲ್ಲವೂ ಅಂದೇ. ನನಗೆ ಅವರು ಸಿಕ್ಕಿದ್ದೂ ಅಂಥ ದಿನವೇ.

ಬೇಡಗಳ ಪಟ್ಟಿ ಇನ್ನೂ ಉದ್ದ. ಟಿ.ವಿ. ಇಲ್ಲ, ಸಿನಿಮಾ ಇಲ್ಲ, ಹುಡುಗಿಯರ ಸ್ನೇಹವಿಲ್ಲ, ಈಜು ಕೂಡ ಇಲ್ಲ. ಒಬ್ಬನೇ ಎಲ್ಲಿಗೂ ಹೋಗುವಂತಿಲ್ಲ. ಯಾವಾಗಲೂ ಇಬ್ಬರು, ಒಬ್ಬರ ಕಣ್ಣಳತೆಯಲ್ಲಿ ಇನ್ನೊಬ್ಬರು. ಆ ಜೊತೆಗಾರನನ್ನೂ ನೀವು ಆರಿಸುವುದಿಲ್ಲ. ಕೆಲವು ವಾರ ಅಥವಾ ತಿಂಗಳಾದ ಮೇಲೆ ಅವನನ್ನೋ ನಿಮ್ಮನ್ನೋ ಬೇರೆ ಊರಿಗೆ ವರ್ಗ ಮಾಡುತ್ತಾರೆ. “ಬಾಗಿಲು ಹಾಕುವವರ ಜೊತೆ ತಾಳ್ಮೆ ಸುಲಭ. ದಿನದ ಇಪ್ಪತ್ತನಾಲ್ಕು ಗಂಟೆ ಜೊತೆಗಿರುವವನು ಗೊರಕೆ ಹೊಡೆದರೆ ತಾಳ್ಮೆ ಕಷ್ಟ” ಎಂದು ಅವನು ಹೇಳಿದ್ದು ನನಗೆ ನೆನಪಿದೆ. ಹಾಸ್ಟೆಲಿನಲ್ಲಿರುವ ನಿಮಗೆ ಇದು ಬೇಗ ಅರ್ಥವಾಗುತ್ತದೆ.

ಇನ್ನೊಂದು ತಮಾಷೆ. ಹುಡುಗರನ್ನು ಹೆಸರಿಡಿದು ಕರೆಯುವುದಿಲ್ಲ. ‘ಎಲ್ಡರ್’ ಎಂದು ಸೇರಿಸಿ ಮನೆತನದ ಹೆಸರು ಹೇಳುತ್ತಾರೆ. ಎಲ್ಡರ್ ಅಂದರೆ ಹಿರಿಯ. ಮೀಸೆ ಸರಿಯಾಗಿ ಮೂಡದ ಹುಡುಗನನ್ನು ಎಪ್ಪತ್ತರ ಮುದುಕರು ಹಿರಿಯ ಎಂದು ಕರೆಯುವುದನ್ನು ಕೇಳಿ ನನಗೆ ನಗು ಬಂದಿತ್ತು. ಅವನು ಗಂಭೀರವಾಗಿ, “ನನಗೂ ಮೊದಲು ನಗು ಬರುತ್ತಿತ್ತು. ಆಮೇಲೆ ಆ ಹೆಸರಿಗೆ ತಕ್ಕಂತೆ ನಡೆಯಬೇಕಲ್ಲ ಎಂದು ಹೆದರಿಕೆಯಾಯಿತು” ಅಂದ.

ಮನೆಗೆ ಫೋನು ವರ್ಷಕ್ಕೆ ಎರಡೇ ಸಲ. ಕ್ರಿಸ್ಮಸ್‌ಗೆ ಒಮ್ಮೆ, ತಾಯಂದಿರ ದಿನಕ್ಕೆ ಒಮ್ಮೆ. ಈ ನಿಯಮ 2019ರ ಫೆಬ್ರವರಿಯಲ್ಲಿ ಬದಲಾಯಿತು. ಈಗ ವಾರಕ್ಕೊಮ್ಮೆ ಮನೆಯವರೊಡನೆ ಮಾತಾಡಬಹುದು. ಆದರೆ ಅಂದು ಆ ಹುಡುಗನ ಅಮ್ಮನ ಸ್ವರ ವರ್ಷದಲ್ಲಿ ಎರಡು ಸಲ ಮಾತ್ರ.

ಚಹಾ ಕುಡಿಯದ ಅತಿಥಿ

ಒಂದು ಸೋಮವಾರ ಅವರನ್ನು ಮನೆಗೆ ಕರೆದೆ. ನಮ್ಮ ಪದ್ಧತಿಯಂತೆ ಚಹಾ ತಂದಿಟ್ಟೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಅವರು ಮದ್ಯ, ತಂಬಾಕು ಮಾತ್ರವಲ್ಲ, ಚಹಾ ಕಾಫಿಯನ್ನೂ ಮುಟ್ಟುವುದಿಲ್ಲ. 1833ರಲ್ಲಿ ಜೋಸೆಫ್ ಸ್ಮಿತ್ ಅವರಿಗೆ ಬಂದ ದೇವಾದೇಶ ಎಂದು ಅವರು ನಂಬುವ ಆರೋಗ್ಯ ನಿಯಮವಿದು. ಚಹಾವೇ ಆತಿಥ್ಯವಾಗಿರುವ ಇಂಗ್ಲೆಂಡಿನಲ್ಲಿ ಪ್ರತಿ ಮನೆಯಲ್ಲೂ ಬೇಡ ಎನ್ನುವುದು ಎಷ್ಟು ಮುಜುಗರ! ಆದರೆ ನನಗೆ ಆ ಮುಜುಗರದ ಪರಿಚಯವಿತ್ತು. ತರಗತಿ ಮುಗಿದ ಮೇಲೆ ಸಹಪಾಠಿಗಳು ಪಬ್ಬಿಗೆ ಕರೆದಾಗ ಕಿತ್ತಳೆ ರಸದ ಲೋಟ ಹಿಡಿದು ಮೂಲೆಯಲ್ಲಿ ಕೂತವನು ನಾನು. ಬಿಸಿ ಹಾಲು ಕಾಸಿ ಕೊಟ್ಟೆ. ಸಂತೋಷದಿಂದ ಕುಡಿದರು. ನಮ್ಮ ನಡುವೆ ಅಲ್ಲಿಯವರೆಗೆ ಇದ್ದ ಬಿಗಿ ಆ ಹಾಲಿನಲ್ಲಿ ಕರಗಿತು.

ಅವರ ಉಪವಾಸದ ಬಗ್ಗೆ ಅಂದೇ ತಿಳಿಯಿತು. ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರ ಎರಡು ಹೊತ್ತಿನ ಊಟ, ನೀರು ಬಿಡುತ್ತಾರೆ. ಆ ಎರಡು ಊಟದ ಹಣವನ್ನು ಬಡವರಿಗಾಗಿ ಕೊಡುತ್ತಾರೆ. ಆದಾಯದಲ್ಲಿ ಹತ್ತನೇ ಒಂದು ಭಾಗ ಸಭೆಗೆ. ವಾರದ ಆರಾಧನೆಯಲ್ಲಿ ಬೇರೆ ಕ್ರೈಸ್ತರು ದ್ರಾಕ್ಷಾರಸ ಬಳಸುವಲ್ಲಿ ಇವರು ರೊಟ್ಟಿಯ ಜೊತೆ ನೀರು ಹಂಚುತ್ತಾರೆ. ಸ್ಥಳೀಯ ಸಭೆಗಳಲ್ಲಿ ಸಂಬಳದ ಪಾದ್ರಿಗಳಿಲ್ಲ. ಬಡಗಿಯೋ ಶಿಕ್ಷಕನೋ ಕೆಲವು ವರ್ಷ ಹೊಣೆ ಹೊತ್ತು ಮತ್ತೆ ಇಳಿಯುತ್ತಾನೆ.

ವಿಶ್ವಾಸದ ವಿಚಾರಕ್ಕೆ ಬಂದರೆ ಹದಿನಾಲ್ಕರ ಹುಡುಗನಾಗಿದ್ದಾಗ, 1820ರಲ್ಲಿ, ಯಾವ ಸಭೆ ಸರಿ ಎಂಬ ಗೊಂದಲದಿಂದ ಜೋಸೆಫ್ ಸ್ಮಿತ್ ತೋಪಿನೊಳಗೆ ಹೋಗಿ ಪ್ರಾರ್ಥಿಸಿದರೆಂದೂ, ಅಲ್ಲಿ ಅವರಿಗೆ ದರ್ಶನವಾಯಿತೆಂದೂ, ಮುಂದೆ ಚಿನ್ನದ ತಗಡುಗಳ ಮೇಲಿದ್ದ ಪ್ರಾಚೀನ ಗ್ರಂಥವೊಂದು ಸಿಕ್ಕಿ ಅದನ್ನು ಭಾಷಾಂತರಿಸಿದರೆಂದೂ ಅವರು ನಂಬುತ್ತಾರೆ. 1830ರಲ್ಲಿ ಅಚ್ಚಾದ ಅದೇ ಬುಕ್ ಆಫ್ ಮಾರ್ಮನ್. ಇವತ್ತಿಗೂ ತಮ್ಮ ಸಭೆಯ ಅಧ್ಯಕ್ಷರನ್ನು ಅವರು ಪ್ರವಾದಿ ಎಂದೇ ಕಾಣುತ್ತಾರೆ.

ಇಲ್ಲಿ ನಾನು ಸ್ಪಷ್ಟವಾಗಿ ಹೇಳಬೇಕು. ನಮ್ಮ ವಿಶ್ವಾಸಕ್ಕೂ ಇದಕ್ಕೂ ಮೂಲದಲ್ಲೇ ಅಂತರವಿದೆ. ಪ್ರವಾದಿತ್ವದ ಬಗ್ಗೆ, ಈಸಾ (ಅ) ಅವರ ಬಗ್ಗೆ ನಾವು ನಂಬುವುದು ಬೇರೆ, ಅವರು ನಂಬುವುದು ಬೇರೆ. ಆ ಅಂತರವನ್ನು ಮುಚ್ಚಿಟ್ಟು ಸ್ನೇಹ ಮಾಡಬೇಕಾಗಿಲ್ಲ. ನಾನು ಮುಚ್ಚಿಡಲಿಲ್ಲ, ಅವನೂ ಮುಚ್ಚಿಡಲಿಲ್ಲ. 1978ರ ಫೆಬ್ರವರಿಯಲ್ಲಿ ಅವರ ಸಭೆಯ ಅಧ್ಯಕ್ಷ ಮಂಡಳಿ ಹೊರಡಿಸಿದ ಒಂದು ಹೇಳಿಕೆಯಲ್ಲಿ, ದೇವರ ಬೆಳಕಿನ ಒಂದು ಪಾಲನ್ನು ಪಡೆದ ಮಹಾ ಧಾರ್ಮಿಕ ನಾಯಕರ ಸಾಲಿನಲ್ಲಿ ಪ್ರವಾದಿ ಮುಹಮ್ಮದ್ (ಸ) ಅವರ ಹೆಸರನ್ನು ಗೌರವದಿಂದ ಹೇಳಲಾಗಿದೆ. ಅದು ನಮ್ಮ ನಂಬಿಕೆಯಷ್ಟು ದೂರ ಬರುವುದಿಲ್ಲ. ಆದರೂ ಬೇರೆಯವರ ಮನೆಯ ಕಿಟಕಿಯಿಂದ ನಮ್ಮ ಕಡೆಗೆ ನೋಡಿದ ಒಂದು ಒಳ್ಳೆಯ ನೋಟವೆಂದು ಅದನ್ನು ಸ್ವೀಕರಿಸಬಹುದು.

ಪ್ರೆಸ್ಟನ್ ಊರಿನ ಋಣ

ನಾನಿದ್ದ ಪ್ರೆಸ್ಟನ್ ಅವರ ಪಾಲಿಗೆ ಸಾಧಾರಣ ಊರಲ್ಲ ಎಂಬುದು ನನಗೆ ಆಗಲೇ ಗೊತ್ತಾದದ್ದು. ಅಮೆರಿಕದಿಂದ ಸಮುದ್ರ ದಾಟಿದ ಅವರ ಮೊದಲ ಪ್ರಚಾರಕರ ತಂಡ 1837ರ ಜುಲೈಯಲ್ಲಿ ಬಂದದ್ದು ಇಲ್ಲಿಗೇ. ಮುಂದಾಳು ಹೀಬರ್ ಕಿಂಬಲ್, ಓದು ಕಡಿಮೆಯಿದ್ದ ಒಬ್ಬ ಕುಂಬಾರ. ಅವರಿಗೆ ಮೊದಲು ತನ್ನ ಪ್ರಾರ್ಥನಾಲಯದಲ್ಲಿ ಮಾತಾಡಲು ಬಿಟ್ಟ ಸ್ಥಳೀಯ ಪಾದ್ರಿ, ತನ್ನ ಜನ ಅವರತ್ತ ವಾಲುವುದನ್ನು ಕಂಡು ಬಾಗಿಲು ಮುಚ್ಚಿದ. ಆದರೂ ಜುಲೈ 30ರಂದು ಒಂಬತ್ತು ಮಂದಿ ಊರಿನ ರಿಬಲ್ ನದಿಯಲ್ಲಿ ದೀಕ್ಷಾಸ್ನಾನ ಪಡೆದರು. ಆ ನದಿಯ ದಂಡೆಯಲ್ಲಿ ನಾನು ಎಷ್ಟೋ ಸಂಜೆ ನಡೆದಿದ್ದೆ, ಇದು ತಿಳಿಯದೆ.

ಎರಡು ವರ್ಷದ ಬಳಿಕ, 1839ರ ಸೆಪ್ಟೆಂಬರಿನಲ್ಲಿ, ಕಿಂಬಲ್ ಮತ್ತು ಬ್ರಿಗಮ್ ಯಂಗ್ ಇಂಗ್ಲೆಂಡಿಗೆ ಹೊರಟರು. ಮಿಸಿಸಿಪ್ಪಿ ನದಿಯ ದಂಡೆಯ ಆ ಊರಿನಲ್ಲಿ ಮಲೇರಿಯಾ ಹಬ್ಬಿತ್ತು. ಹೊರಟ ಇಬ್ಬರೂ ಜ್ವರದಿಂದ ನಡುಗುತ್ತಿದ್ದರು. ಹೆಂಡತಿ ಮಕ್ಕಳೂ ಹಾಸಿಗೆ ಹಿಡಿದಿದ್ದರು. ಗಾಡಿಯಲ್ಲಿ ಮಲಗಿ ಸ್ವಲ್ಪ ದೂರ ಹೋದ ಮೇಲೆ ಕಿಂಬಲ್‌ಗೆ ಹೀಗೆ ಬಿಟ್ಟುಹೋಗುವುದು ಸಹಿಸಲಾಗಲಿಲ್ಲ. ಗಾಡಿ ನಿಲ್ಲಿಸಿ ಇಬ್ಬರೂ ಎದ್ದುನಿಂತು ಟೋಪಿ ಬೀಸಿ ಜಯಘೋಷ ಕೂಗಿದರು, ಮನೆಯವರ ಮನಸ್ಸಿಗೆ ಸ್ವಲ್ಪ ಧೈರ್ಯ ಬರಲೆಂದು. ಆ ಕೂಗು ಕೇಳಿ ಹೆಂಡತಿ ಎದ್ದು ಬಾಗಿಲಿಗೆ ಬಂದಳು. ಇದನ್ನು ಹೇಳುವಾಗ ಆ ಹುಡುಗನ ಕಣ್ಣು ಬೆಳಗುತ್ತಿತ್ತು. ನಮ್ಮಲ್ಲಿ ಗಲ್ಫಿಗೆ ಹೊರಟ ತಂದೆ, ಕಾರಿನ ಕಿಟಕಿಯಿಂದ ಸುಳ್ಳು ನಗು ನಕ್ಕು ಕೈಬೀಸುವುದನ್ನು ಕಂಡ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ.

ಪ್ರೆಸ್ಟನ್ ಪಕ್ಕದ ಚೋರ್ಲಿಯಲ್ಲಿ 1998ರಲ್ಲಿ ಅವರ ದೊಡ್ಡ ದೇವಾಲಯ ಎದ್ದಿತು. ರಾತ್ರಿ ಹೆದ್ದಾರಿಯಿಂದ ಅದರ ಬಿಳಿ ಗೋಪುರ ಕಾಣುತ್ತದೆ.

ನೋವಿನ ದಿನ

2004ರ ಫೆಬ್ರವರಿಯಲ್ಲಿ ಒಂದು ಮುಂಜಾನೆ ಅಣ್ಣನ ಫೋನು ಬಂತು. ಉಮ್ಮ ತೀರಿಕೊಂಡಿದ್ದರು. ಊರಿನಲ್ಲಿ ಆಗ ಬೆಳಿಗ್ಗೆ ಒಂಬತ್ತು ಗಂಟೆ. ಲುಹರ್ ನಮಾಝಿನ ನಂತರ ದಫನ ಎಂದ. ಮ್ಯಾಂಚೆಸ್ಟರಿನಿಂದ ಮಂಗಳೂರಿಗೆ ಬರಲು ಒಂದು ದಿನಕ್ಕೂ ಹೆಚ್ಚು ಬೇಕು. ಕೈಯಲ್ಲಿ ಟಿಕೇಟಿನ ಹಣವೂ ಇರಲಿಲ್ಲ. ಹೊತ್ತು ಕಾಯುವುದಿಲ್ಲ, ಕಾಯಿಸಲೂಬಾರದು. ಮಣ್ಣು ಹಾಕುವ ಭಾಗ್ಯ ನನಗಿರಲಿಲ್ಲ.

ಪಕ್ಕದ ಮನೆಯ ಗುಜರಾತಿ ತಾಯಿ ಮೂರು ದಿನ ಖಿಚಡಿ, ಕಢಿ ಕಳಿಸಿದರು. ಮಸೀದಿಯವರು ಬಂದು ದುಆ ಮಾಡಿ ಹೋದರು. ಎರಡನೇ ದಿನ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ಐಡಹೋದ ಹುಡುಗ, ಜೊತೆಗೆ ಹೊಸ ಜೊತೆಗಾರ. ಸೋಮವಾರ ನಾನು ಕಾಣದಿದ್ದಾಗ ವಿಚಾರಿಸಿ ತಿಳಿದುಕೊಂಡು ಬಂದಿದ್ದರು. ಒಳಗೆ ಬಂದು ಕೂತರು. ಪುಸ್ತಕ ತೆರೆಯಲಿಲ್ಲ, ಸಂದೇಶ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನು ಎದ್ದು ಅಡುಗೆಮನೆಗೆ ಹೋಗಿ, ಎರಡು ದಿನದಿಂದ ತೊಳೆಯದೆ ಬಿದ್ದಿದ್ದ ಪಾತ್ರೆಗಳನ್ನು ತೊಳೆಯತೊಡಗಿದ. ಜೊತೆಗಾರ ಒರೆಸಿ ಇಟ್ಟ. ನಾನು ಬೇಡವೆನ್ನಲಿಲ್ಲ; ಬೇಡವೆನ್ನುವ ಶಕ್ತಿಯೂ ಇರಲಿಲ್ಲ.

ಹೋಗುವ ಮುಂಚೆ ಅವನು ಮೆಲ್ಲನೆ ಹೇಳಿದ: “ಡಿಸೆಂಬರಿನಲ್ಲಿ ನನ್ನ ಅಜ್ಜಿ ತೀರಿಕೊಂಡರು. ನಾನೂ ಹೋಗಲಿಲ್ಲ.” ಎರಡು ತಿಂಗಳು ಪ್ರತಿ ವಾರ ಎದುರಿಗೆ ಕೂತಿದ್ದರೂ ನನಗೆ ಹೇಳಿರಲಿಲ್ಲ. ಸೇವೆಯ ನಡುವೆ ಅಂತ್ಯಕ್ರಿಯೆಗೆಂದು ಮನೆಗೆ ಮರಳುವ ಪದ್ಧತಿ ಅವರಲ್ಲಿ ಇರಲಿಲ್ಲ. ನಾನು, ಹೋಗಬೇಕೆನಿಸಲಿಲ್ಲವೇ ಎಂದು ಕೇಳಿದೆ. “ಪ್ರತಿ ರಾತ್ರಿ ಅನಿಸಿತು. ಆದರೆ ನನ್ನನ್ನು ಇಲ್ಲಿಗೆ ಕಳಿಸಲು ಹಣ ಕೂಡಿಸಿದವರೇ ಅವರು. ಅರ್ಧಕ್ಕೆ ಬಿಟ್ಟು ಹೋದರೆ ಅವರ ಮುಖ ನೋಡಲಾಗುತ್ತಿರಲಿಲ್ಲ” ಅಂದ.

ಮುಖ ನೋಡುವುದು ಎಂದು ಅವನು ಹೇಳಿದ್ದು ಬರೇ ಮಾತಿಗಲ್ಲ. ದೇವಾಲಯದಲ್ಲಿ ವಿಧಿಪೂರ್ವಕ ಬೆಸೆದ ಕುಟುಂಬ ಸಾವಿನಾಚೆಗೂ ಕುಟುಂಬವಾಗಿಯೇ ಉಳಿಯುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ಆ ಹುಡುಗ ಮಳೆಯಲ್ಲಿ ನೆನೆಯುತ್ತಾ ಬಾಗಿಲಿಂದ ಬಾಗಿಲಿಗೆ ಹೋಗುತ್ತಿದ್ದದ್ದು ಯಾಕೆಂದು ನನಗೆ ಆ ಸಂಜೆ ಗೊತ್ತಾಯಿತು. ಅವನ ಉತ್ತರವನ್ನು ನಾನು ಒಪ್ಪಿಕೊಳ್ಳಲಿಲ್ಲ. ನನ್ನ ಉಮ್ಮನ ವಿಷಯದಲ್ಲಿ ನನ್ನ ಭರವಸೆ ಬೇರೆಯೇ ಇದೆ, ಅದರ ಮೇಲೆಯೇ ನಾನು ನಿಂತಿದ್ದೇನೆ. ಆದರೆ ಅವನ ಪ್ರಶ್ನೆ ನನ್ನ ಪ್ರಶ್ನೆಯೇ ಆಗಿತ್ತು.

ಇನ್ನೊಂದು ಮಗ್ಗುಲು

ಬರೇ ಹೊಗಳಿ ಮುಗಿಸಿದರೆ ಅನ್ಯಾಯವಾಗುತ್ತದೆ. ಈ ವ್ಯವಸ್ಥೆಗೆ ಅದರದೇ ಭಾರವಿದೆ. ಕಾಯಿಲೆಯಿಂದಲೋ ಮನಸ್ಸು ಕುಗ್ಗಿಯೋ ಎರಡು ವರ್ಷ ತುಂಬುವ ಮೊದಲೇ ಮನೆಗೆ ಮರಳಿದ ಹುಡುಗ ಊರಿನವರ ಮುಂದೆ ತಲೆ ತಗ್ಗಿಸುವಂತಾಗುತ್ತದೆ. ಹೋಗಲೇಬೇಕೆಂಬ ಒತ್ತಡ ಗಂಡುಮಕ್ಕಳ ಮೇಲಿದೆ. ಸಭೆಯ ಇತಿಹಾಸದಲ್ಲೂ ಕಠಿಣ ಅಧ್ಯಾಯಗಳಿವೆ. ಬಹುಪತ್ನಿತ್ವವನ್ನು ನಿಲ್ಲಿಸುವ ಪ್ರಕಟಣೆ ಬಂದದ್ದು 1890ರಲ್ಲಿ. ಆಫ್ರಿಕಾ ಮೂಲದ ಪುರುಷರಿಗೆ ಧಾರ್ಮಿಕ ಪದವಿ ಕೊಡಲು 1978ರ ಜೂನ್‌ವರೆಗೆ ಕಾಯಬೇಕಾಯಿತು. ಈ ಬಗ್ಗೆ ಕೇಳಿದಾಗ ಹುಡುಗ ಸಮರ್ಥನೆಗೆ ಇಳಿಯಲಿಲ್ಲ. “ಈ ಪ್ರಶ್ನೆ ನನಗೂ ಕಷ್ಟ” ಎಂದ. ಗೊತ್ತಿಲ್ಲದ್ದನ್ನು ಗೊತ್ತೆಂದು ಹೇಳದವನ ಮಾತಿಗೆ ಬೆಲೆ ಹೆಚ್ಚು.

ಮತ್ತೊಂದನ್ನೂ ಕೇಳಿದೆ. ಐದು ತಿಂಗಳು ಪ್ರೆಸ್ಟನ್ನಿನಲ್ಲಿ ತಿರುಗಿದ್ದೀಯಲ್ಲ, ಎಷ್ಟು ಮಂದಿ ನಿನ್ನ ಸಭೆ ಸೇರಿದರು? “ಒಬ್ಬರೂ ಇಲ್ಲ” ಅಂದ. ಹಾಗಾದರೆ ಇದೆಲ್ಲ ವ್ಯರ್ಥವಲ್ಲವೇ? ಅವನು ಸ್ವಲ್ಪ ಯೋಚಿಸಿ, “ತಟ್ಟುವುದು ನನ್ನ ಕೆಲಸ. ತೆರೆಯುವುದು ನನ್ನ ಕೈಯಲ್ಲಿಲ್ಲ” ಅಂದ. ಮಾರ್ಚಿನಲ್ಲಿ ಅವನಿಗೆ ಬೇರೆ ಊರಿಗೆ ವರ್ಗವಾಯಿತು. ಬೀಳ್ಕೊಡುವಾಗ ನಾನು ಒಂದು ಪೊಟ್ಟಣ ಖರ್ಜೂರ ಕೊಟ್ಟೆ. ಆ ಬಳಿಕ ಭೇಟಿಯಾಗಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾದಿಂದಾಗಿ ಸಾವಿರಾರು ಮಾರ್ಮನ್ ಹುಡುಗ ಹುಡುಗಿಯರನ್ನು ವಿದೇಶಗಳಿಂದ ತುರ್ತಾಗಿ ಮನೆಗೆ ಕರೆಸಿಕೊಂಡ ಸುದ್ದಿ ಓದಿದಾಗ ಅವನ ನೆನಪಾಯಿತು. ಈಗ ಅವನಿಗೂ ಆ ವಯಸ್ಸಿನ ಮಗನಿರಬಹುದು.

ನಮ್ಮ ಬಾಗಿಲಿಗೆ ಬಂದರೆ

ಇದೆಲ್ಲ ದೂರದ ಇಂಗ್ಲೆಂಡಿನ ಕಥೆ ಎಂದುಕೊಳ್ಳಬೇಡಿ. ಅವರ ಪ್ರಚಾರಕರು 1850ರ ದಶಕದಲ್ಲೇ ಕಲ್ಕತ್ತಕ್ಕೆ ಬಂದಿದ್ದರು. 1993ರಲ್ಲಿ ಬೆಂಗಳೂರನ್ನು ಕೇಂದ್ರವಾಗಿಟ್ಟು ಅವರ ಭಾರತೀಯ ಮಿಷನ್ ಶುರುವಾಯಿತು. ಬೆಂಗಳೂರಿನಲ್ಲಿ ಒಂದು ದೇವಾಲಯ ಕಟ್ಟುವುದಾಗಿ 2018ರ ಏಪ್ರಿಲಿನಲ್ಲಿ ಘೋಷಿಸಿ, 2020ರ ಡಿಸೆಂಬರಿನಲ್ಲಿ ಕೆಲಸ ಆರಂಭಿಸಿದರು. ಇಲ್ಲಿ ಸೇವೆ ಮಾಡುವವರಲ್ಲಿ ನಮ್ಮದೇ ದೇಶದ ಯುವಕ ಯುವತಿಯರೂ ಇದ್ದಾರೆ. ಓದಲೋ ಕೆಲಸಕ್ಕೋ ಬೆಂಗಳೂರಿಗೆ ಹೋಗುವ ನಿಮಗೆ ಎಂದಾದರೂ ಬಿಳಿ ಅಂಗಿ, ಕಪ್ಪು ನಾಮಫಲಕದ ಇಬ್ಬರು ಎದುರಾಗಬಹುದು. ಆಗ ನಾನು ಮಾಡಿದ್ದನ್ನು ಮಾಡಬೇಡಿ. ಬೇಡವೆಂದರೆ ಬೇಡವೆನ್ನಿ, ನಗುಮುಖದಿಂದ ಹೇಳಿ. ಮಳೆಯಿದ್ದರೆ ಒಂದು ಲೋಟ ಬಿಸಿ ಹಾಲು ಕೊಡಿ. ಅದರಿಂದ ನಿಮ್ಮ ಈಮಾನಿಗೆ ಏನೂ ಕಡಿಮೆಯಾಗುವುದಿಲ್ಲ.

ವಿದ್ಯಾರ್ಥಿಗಳೇ, ಆ ಹುಡುಗ ನನ್ನನ್ನು ಅವನ ಸಭೆಗೆ ಸೇರಿಸಲಿಲ್ಲ. ಆದರೆ ನಾನು ನನ್ನ ಮನೆಯನ್ನು ಸರಿಯಾಗಿ ನೋಡುವಂತೆ ಮಾಡಿದ. ಒಂದು ಸೋಮವಾರ ಅವನು, “ನಿಮ್ಮ ನಮಾಝಿನಲ್ಲಿ ಏನು ಹೇಳುತ್ತೀರಿ, ಅದರ ಅರ್ಥವೇನು?” ಎಂದು ಕೇಳಿದ. ಬಾಲ್ಯದಿಂದ ದಿನಕ್ಕೆ ಐದು ಹೊತ್ತು ಹೇಳಿದ್ದನ್ನು ಸರಳ ಮಾತಿನಲ್ಲಿ ವಿವರಿಸಲು ನಾನು ತಡಬಡಾಯಿಸಿದೆ. ಆ ರಾತ್ರಿ ಕೂತು ಅರ್ಥ ಓದಿದೆ. ಇಪ್ಪತ್ತನಾಲ್ಕು ವರ್ಷದವನಾಗಿ, ಮೊದಲ ಬಾರಿಗೆ. ಅವನು ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ದಿನಾ ಓದುತ್ತಿದ್ದ. ನನಗೆ ವಾರಕ್ಕೆ ಒಂದು ಗಂಟೆಯೂ ಬಿಡುವಿರಲಿಲ್ಲ.

ನಿಮ್ಮಲ್ಲಿ ಯಾರೂ ಎರಡು ವರ್ಷ ಮನೆ ಬಿಡಬೇಕೆಂದು ನಾನು ಹೇಳುತ್ತಿಲ್ಲ. ನೀವು ನಂಬಿದ್ದನ್ನು ತಿಳಿದು ನಂಬಿ. ಯಾರಾದರೂ ಕೇಳಿದರೆ ಸಿಟ್ಟಾಗದೆ ಹೇಳುವಷ್ಟು ಕಲಿಯಿರಿ. ಇಲ್ಲ ಎಂದವನ ಮೇಲೆ ಮುನಿಸಿಕೊಳ್ಳದೆ ಮುಂದಿನ ಬಾಗಿಲಿಗೆ ಹೋಗುವುದನ್ನು ಅಭ್ಯಾಸ ಮಾಡಿ. ಅದು ಕೆಲಸ ಹುಡುಕುವಾಗಲೂ ಬೇಕು, ಬದುಕುವಾಗಲೂ ಬೇಕು. ಮತ್ತು ದುಃಖದಲ್ಲಿರುವವನ ಮನೆಗೆ ಹೋದಾಗ ಬಹಳ ಮಾತಾಡಬೇಡಿ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದಿದೆಯೇ ನೋಡಿ.